ಬಣ್ಣಗಳಲ್ಲಿ ಮಾತನಾಡಿದ ವಲೆಂಟಿನ್ ಸುಬಿಯಾವುರೆ

ತಂದೆ ದೇಶಕ್ಕೇ ಹೆಸರಾದ ಸಂಗೀತಗಾರ. ಹಾಡು, ವಾದ್ಯ, ಸ್ವರಗಳೇ ಆ ಮನೆಯ ಅನ್ನ. ಅಂಥ ಮನೆಯಲ್ಲಿ ಹುಟ್ಟಿದ ಮೊದಲ ಮಗನಿಗೆ ಕಿವಿ ಕೇಳಿಸಲಿಲ್ಲ. ಮೂರು ವರ್ಷಗಳ ನಂತರ ಹುಟ್ಟಿದ ಎರಡನೆಯ ಮಗನಿಗೂ ಕೇಳಿಸಲಿಲ್ಲ. ತಂದೆ ಬರೆದ ಒಂದು ರಾಗವನ್ನೂ ಈ ಇಬ್ಬರು ಮಕ್ಕಳು ಜೀವನದಲ್ಲಿ ಕೇಳಲಿಲ್ಲ. ಆದರೆ ಇಬ್ಬರೂ ಸ್ಪೇನ್ ದೇಶದ ಹೆಸರಾಂತ ಚಿತ್ರಕಲಾವಿದರಾದರು. ಅವರಲ್ಲಿ ಹಿರಿಯರಾದ ವಲೆಂಟಿನ್ ದ ಸುಬಿಯಾವುರೆ ಅವರ ಬದುಕನ್ನು ಇಲ್ಲಿ ಪರಿಚಯಿಸಲಾಗಿದೆ.

ಕಿವಿ ಕೇಳದವರೊಬ್ಬರು ದೊಡ್ಡ ಕಲಾವಿದರಾದರು ಎಂದು ಹೇಳಿದರೆ ಕೇಳುವವರು ಅದನ್ನು ಪವಾಡವೆಂದು ತಿಳಿಯುತ್ತಾರೆ. ಛಲವೊಂದಿದ್ದರೆ ಎಲ್ಲವೂ ಸಾಧ್ಯ ಎಂದು ಹೇಳಿ ಮುಗಿಸುತ್ತಾರೆ. ವಲೆಂಟಿನ್ ಅವರ ಕಥೆಯನ್ನು ಸರಿಯಾಗಿ ನೋಡಿದರೆ ಅದರಲ್ಲಿ ಪವಾಡವೇನೂ ಇಲ್ಲ. ಅಲ್ಲಿ ಒಂದು ಶಾಲೆ ಇದೆ, ಒಬ್ಬ ಗುರು ಇದ್ದಾರೆ, ಸನ್ನೆಯ ಭಾಷೆಯನ್ನು ತನ್ನದಾಗಿಸಿಕೊಂಡ ಒಂದು ಕುಟುಂಬವಿದೆ.

ಬಾಸ್ಕ್ ನಾಡು

ಸುಬಿಯಾವುರೆ ಕುಟುಂಬದ ಮೂಲ ಬಾಸ್ಕ್ ನಾಡು. ಸ್ಪೇನ್‌ನ ಉತ್ತರಕ್ಕೆ, ಫ್ರಾನ್ಸ್‌ನ ಗಡಿಗೆ ತಾಗಿಕೊಂಡು, ಬಿಸ್ಕೆ ಕೊಲ್ಲಿಯ ತೀರದಲ್ಲಿ ಹಸುರು ಬೆಟ್ಟಗಳ ಈ ಪ್ರದೇಶವಿದೆ. ಇಲ್ಲಿನ ಜನರ ಭಾಷೆ ಎಉಸ್ಕರ. ಸುತ್ತಮುತ್ತಲಿನ ಸ್ಪಾನಿಷ್, ಫ್ರೆಂಚ್ ಭಾಷೆಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಜಗತ್ತಿನ ಬೇರಾವ ಭಾಷೆಯೊಂದಿಗೂ ಇದರ ಸಂಬಂಧವನ್ನು ವಿದ್ವಾಂಸರು ಇದುವರೆಗೆ ಖಚಿತವಾಗಿ ತೋರಿಸಿಲ್ಲ. ಬಾಸ್ಕ್ ಜನರ ಮನೆತನದ ಹೆಸರುಗಳು ಹೆಚ್ಚಾಗಿ ಅವರ ಹಳೆಯ ಮನೆ ಇದ್ದ ಜಾಗವನ್ನು ಸೂಚಿಸುತ್ತವೆ. ಸುಬಿ ಎಂದರೆ ಸೇತುವೆ, ಔರೆ ಎಂದರೆ ಮುಂಭಾಗ. ಸುಬಿಯಾವುರೆ ಎಂದರೆ ಸೇತುವೆಯ ಮುಂದಿನ ಮನೆಯವರು ಎಂದರ್ಥ.

ಬಿಸ್ಕಾಯ ಪ್ರಾಂತದ ದುರಾಂಗೊ ಪಟ್ಟಣದ ಹತ್ತಿರ ಗರಾಯ್ ಎಂಬ ಪುಟ್ಟ ಹಳ್ಳಿಯಿದೆ. ಓಯಿಸ್ ಬೆಟ್ಟದ ಬುಡದಲ್ಲಿ ಕಲ್ಲಿನ ದೊಡ್ಡ ದೊಡ್ಡ ರೈತ ಮನೆಗಳು, ಹುಲ್ಲುಗಾವಲು, ಸೇಬಿನ ಮರಗಳು. ತಂದೆ ಹುಟ್ಟಿದ್ದು ಈ ಹಳ್ಳಿಯಲ್ಲಿ, 1837ರಲ್ಲಿ. ಮಗನ ಹೆಸರೂ ತಂದೆಯ ಹೆಸರೂ ಒಂದೇ, ವಲೆಂಟಿನ್. ತಂದೆ ಮ್ಯಾಡ್ರಿಡ್‌ನಲ್ಲಿ ಸಂಗೀತ ಕಲಿತು ಒಪೆರಾಗಳನ್ನು ರಚಿಸಿದರು. ಮುಂದೆ ಸ್ಪೇನ್‌ನ ರಾಜಮನೆತನದ ಪ್ರಾರ್ಥನಾ ಮಂದಿರದಲ್ಲಿ ಸಂಗೀತದ ಮುಖ್ಯಸ್ಥರಾದರು. ಹಳ್ಳಿಯ ಹುಡುಗನೊಬ್ಬನಿಗೆ ಅದು ಬಹಳ ದೊಡ್ಡ ಹುದ್ದೆ.

ಮಗ ವಲೆಂಟಿನ್ ಹುಟ್ಟಿದ್ದು 1879ರಲ್ಲಿ ಮ್ಯಾಡ್ರಿಡ್‌ನಲ್ಲಿ. ತಮ್ಮ ರಮೋನ್ 1882ರಲ್ಲಿ ಗರಾಯ್‌ನಲ್ಲಿ ಹುಟ್ಟಿದರು. ತಂಗಿ ಪಿಲಾರ್ ಹುಟ್ಟಿದ್ದು 1884ರಲ್ಲಿ. ಮೂವರಲ್ಲಿ ಕಿವಿ ಕೇಳುತ್ತಿದ್ದುದು ಪಿಲಾರ್‌ಗೆ ಮಾತ್ರ.

ಆ ಕಾಲದ ಕಿವುಡ ಮಕ್ಕಳು

ಹುಟ್ಟಿನಿಂದ ಕಿವಿ ಕೇಳದ ಮಗು ತಾನಾಗಿ ಮಾತು ಕಲಿಯುವುದಿಲ್ಲ. ಮಾತು ಎಂಬುದನ್ನು ನಾವೆಲ್ಲ ಕೇಳಿ ಕೇಳಿಯೇ ಕಲಿತಿದ್ದೇವೆ. ಮಾತು ಬಾರದವರಿಗೆ ಬುದ್ಧಿಯೂ ಇರುವುದಿಲ್ಲ ಎಂಬ ತಪ್ಪು ನಂಬಿಕೆ ಶತಮಾನಗಳ ಕಾಲ ಯುರೋಪಿನಲ್ಲೂ ಇತ್ತು. ಬಡವರ ಮನೆಯ ಕಿವುಡ ಮಕ್ಕಳು ಕೊಟ್ಟಿಗೆ ಕೆಲಸಕ್ಕೋ ಭಿಕ್ಷೆಗೋ ಸೇರುತ್ತಿದ್ದರು. ಶ್ರೀಮಂತರ ಮಕ್ಕಳನ್ನು ಮನೆಯೊಳಗೇ ಬಚ್ಚಿಡುತ್ತಿದ್ದರು.

ಆದರೆ ಈ ನಂಬಿಕೆ ಸುಳ್ಳೆಂದು ಮೊದಲು ತೋರಿಸಿಕೊಟ್ಟ ದೇಶಗಳಲ್ಲಿ ಸ್ಪೇನ್ ಕೂಡ ಒಂದು. 16ನೆಯ ಶತಮಾನದಲ್ಲಿ ಪೆದ್ರೊ ಪೊನ್ಸೆ ದ ಲಿಯೋನ್ ಎಂಬ ಕ್ರೈಸ್ತ ಸನ್ಯಾಸಿ ಓಞಾ ಎಂಬಲ್ಲಿಯ ಮಠದಲ್ಲಿ ಶ್ರೀಮಂತ ಮನೆತನವೊಂದರ ಕಿವುಡ ಮಕ್ಕಳಿಗೆ ಓದು ಬರಹ ಕಲಿಸಿದರು. 1620ರಲ್ಲಿ ಹುವಾನ್ ಪಾಬ್ಲೊ ಬೊನೆತ್ ಎಂಬವರು ಈ ಶಿಕ್ಷಣದ ಕುರಿತು ಮ್ಯಾಡ್ರಿಡ್‌ನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಬೆರಳುಗಳಿಂದ ಅಕ್ಷರ ತೋರಿಸುವ ಕ್ರಮವನ್ನು ಅದರಲ್ಲಿ ಚಿತ್ರ ಸಹಿತ ಮುದ್ರಿಸಲಾಗಿತ್ತು. 1805ರಲ್ಲಿ ಮ್ಯಾಡ್ರಿಡ್‌ನಲ್ಲಿ ಕಿವುಡ ಮಕ್ಕಳಿಗಾಗಿ ಸರಕಾರದ ಆಶ್ರಯದ ಶಾಲೆ ಆರಂಭವಾಯಿತು. ಅದರ ಮೊದಲ ಶಿಕ್ಷಕರಲ್ಲಿ ರೊಬೆರ್ತೊ ಪ್ರಾದೆಸ್ ಎಂಬವರಿದ್ದರು. ಅವರು ಸ್ವತಃ ಕಿವುಡರು, ಲೋಹದ ತಗಡಿನ ಮೇಲೆ ಚಿತ್ರ ಕೊರೆಯುವ ಕಲೆಯಲ್ಲಿ ಪಳಗಿದವರು. ಕಿವುಡ ಮಕ್ಕಳಿಗೆ ಕಿವುಡ ಗುರುವೇ ಚಿತ್ರ ಕಲಿಸುವ ಪದ್ಧತಿ ಹೀಗೆ ಆ ಊರಿನಲ್ಲಿ ಬೇರು ಬಿಟ್ಟಿತು.

ವಲೆಂಟಿನ್ ಒಂದು ವರ್ಷದ ಮಗುವಾಗಿದ್ದಾಗ, 1880ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಾಲೆಗಳಲ್ಲಿ ಸನ್ನೆ ಭಾಷೆ ಬೇಡ, ತುಟಿಯ ಚಲನೆ ನೋಡಿ ಮಾತು ಕಲಿಸಬೇಕು ಎಂಬ ನಿರ್ಣಯವನ್ನು ಅಲ್ಲಿ ಅಂಗೀಕರಿಸಲಾಯಿತು. ನಿರ್ಣಯಕ್ಕೆ ಕೈ ಎತ್ತಿದವರೆಲ್ಲ ಬಹುಪಾಲು ಕಿವಿ ಕೇಳುವವರೇ. ಅದರ ಪರಿಣಾಮವಾಗಿ ಹಲವು ದೇಶಗಳ ಶಾಲೆಗಳಲ್ಲಿ ಮಕ್ಕಳ ಸನ್ನೆಗಳಿಗೆ ನಿಷೇಧ ಬಿತ್ತು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ತೀರ್ಮಾನ ತಪ್ಪಾಗಿತ್ತೆಂದು ಅದೇ ಸಮ್ಮೇಳನದ ಪರಂಪರೆಯವರು ವಿಧಿಪೂರ್ವಕವಾಗಿ ಒಪ್ಪಿಕೊಂಡದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಅಷ್ಟರಲ್ಲಿ 130 ವರ್ಷಗಳು ಕಳೆದಿದ್ದವು.

ಗುರು ಸಿಕ್ಕಿದರು

ಇಂಥ ಕಾಲದಲ್ಲಿ ವಲೆಂಟಿನ್‌ಗೆ ಒಂದು ಭಾಗ್ಯ ಒದಗಿತು. ಅವರಿಗೆ ಚಿತ್ರಕಲೆಯ ಮೊದಲ ಪಾಠ ಹೇಳಿದವರು ದಾನಿಯೆಲ್ ಪೆರೆಯಾ. ಪೆರೆಯಾ ಅವರೂ ಕಿವುಡರೇ. ಗೂಳಿ ಕಾಳಗದ ಚಿತ್ರಗಳಿಂದ ದೇಶವೆಲ್ಲ ಪ್ರಸಿದ್ಧರಾಗಿದ್ದ ಅವರು ಮ್ಯಾಡ್ರಿಡ್‌ನ ಕಿವುಡರ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಈ ಗುರುವಿಗೆ ಶಿಷ್ಯನ ಮೇಲೆ ಕನಿಕರ ತೋರುವ ಅಗತ್ಯವಿರಲಿಲ್ಲ. ಶಿಷ್ಯನಿಗೂ ತನ್ನ ಮುಂದಿನ ದಾರಿ ಯಾವುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಕಿವಿ ಕೇಳದೆಯೂ ದುಡಿದು ಹೆಸರು ಗಳಿಸಿದ ಮನುಷ್ಯ ಅವರ ಕಣ್ಣೆದುರಿಗೇ ಕುಳಿತಿದ್ದರು.

ಅಲ್ಲಿಂದ ಮುಂದೆ ವಲೆಂಟಿನ್ ಮತ್ತು ರಮೋನ್ ಇಬ್ಬರೂ ಮ್ಯಾಡ್ರಿಡ್‌ನ ಸಾನ್ ಫೆರ್ನಾಂಡೊ ಲಲಿತಕಲಾ ಅಕಾಡೆಮಿಯಲ್ಲಿ ಕಲಿತರು. ಇದು ಕಿವಿ ಕೇಳುವವರ ನಡುವಿನ ಕಲಿಕೆ. ಈ ಅಕಾಡೆಮಿಗೂ ಕಿವುಡ ಕಲಾವಿದರಿಗೂ ಹಳೆಯ ನಂಟಿತ್ತು. ಸ್ಪೇನ್‌ನ ಮಹಾನ್ ಚಿತ್ರಕಾರ ಗೋಯಾ ನಡುವಯಸ್ಸಿನಲ್ಲಿ ಕಾಯಿಲೆ ಬಿದ್ದು ಕಿವಿ ಕಳೆದುಕೊಂಡಿದ್ದರು. 1795ರಲ್ಲಿ ಅವರು ಇಲ್ಲಿ ಚಿತ್ರಕಲಾ ವಿಭಾಗದ ನಿರ್ದೇಶಕರಾದರು. ಆದರೆ ವಿದ್ಯಾರ್ಥಿಗಳ ಮಾತು ಕೇಳಿಸದ ಕಾರಣ 1797ರಲ್ಲಿ ಆ ಸ್ಥಾನ ಬಿಡಬೇಕಾಯಿತು. ನೂರು ವರ್ಷಗಳ ನಂತರ ಅದೇ ಅಕಾಡೆಮಿಯ ತರಗತಿಗಳಲ್ಲಿ ಸುಬಿಯಾವುರೆ ಸಹೋದರರು ಕುಂಚ ಹಿಡಿದು ನಿಂತರು.

ಚಿತ್ರಕಲೆಯ ತರಗತಿಯಲ್ಲಿ ಕಣ್ಣಿಗೇ ಹೆಚ್ಚು ಕೆಲಸ. ಗುರು ಗೆರೆ ಎಳೆದು ತೋರಿಸುತ್ತಾರೆ, ಶಿಷ್ಯ ನೋಡಿ ತಿದ್ದಿಕೊಳ್ಳುತ್ತಾನೆ. ಬಾಲ್ಯದಿಂದಲೂ ಜಗತ್ತನ್ನು ಕಣ್ಣಿನಿಂದಲೇ ಅರಿತವರಿಗೆ ಇಲ್ಲಿ ಹಿಂದುಳಿಯುವ ಪ್ರಮೇಯ ಬರಲಿಲ್ಲ.

ನೋಡುತ್ತಾ ಕಲಿತದ್ದು

ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ತಾಯಿ ಮಕ್ಕಳನ್ನು ಕರೆದುಕೊಂಡು ಯುರೋಪ್ ಪ್ರವಾಸ ಹೊರಟರು. ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್, ಇಟಲಿಗಳ ಚಿತ್ರಶಾಲೆಗಳನ್ನು ಅವರು ನೋಡಿದರು. ಪ್ಯಾರಿಸ್‌ನಲ್ಲಿ ಆಗ ಹೊಸ ಹೊಸ ಶೈಲಿಗಳ ಭರಾಟೆ. ಆದರೆ ವಲೆಂಟಿನ್ ಅವರ ಮನಸ್ಸನ್ನು ಸೆಳೆದದ್ದು ಹಳೆಯ ಫ್ಲಾಂಡರ್ಸ್ ನಾಡಿನ, ಅಂದರೆ ಇಂದಿನ ಬೆಲ್ಜಿಯಂನ, 15ನೆಯ ಶತಮಾನದ ಚಿತ್ರಕಾರರು. ಅವರ ಚಿತ್ರಗಳಲ್ಲಿ ಮನುಷ್ಯರು ಅಲುಗಾಡದೆ ನಿಂತಿರುತ್ತಾರೆ. ಬಟ್ಟೆಯ ಒಂದೊಂದು ಮಡಿಕೆ, ಮೇಜಿನ ಮೇಲಿನ ಒಂದೊಂದು ಹಣ್ಣು, ಕಿಟಕಿಯಾಚೆ ಕಾಣುವ ಊರು, ಎಲ್ಲವನ್ನೂ ಅವರು ಒಂದೇ ಶ್ರದ್ಧೆಯಿಂದ ಬಿಡಿಸಿರುತ್ತಾರೆ. ಹತ್ತಿರದ್ದೂ ದೂರದ್ದೂ ಸಮನಾಗಿ ಸ್ಪಷ್ಟ.

ಈ ರೀತಿಯನ್ನು ವಲೆಂಟಿನ್ ತಮ್ಮ ಹಳ್ಳಿಗೆ ತಂದರು. ಮ್ಯಾಡ್ರಿಡ್‌ನಲ್ಲಿ ವಾಸವಿದ್ದರೂ ಅವರ ಚಿತ್ರಗಳ ಊರು ಗರಾಯ್. ತಲೆಗೆ ಚಪ್ಪಟೆ ಬೆರೆ ಟೋಪಿ ಹಾಕಿದ ಮುದುಕರು, ತಲೆವಸ್ತ್ರ ಕಟ್ಟಿದ ಹೆಂಗಸರು, ಬುಟ್ಟಿ ತುಂಬ ಹಣ್ಣು, ಮಣ್ಣಿನ ಹೂಜಿ, ಹಿನ್ನೆಲೆಯಲ್ಲಿ ಬೆಟ್ಟದ ಇಳಿಜಾರಿನ ರೈತ ಮನೆಗಳು. ಒಂದು ಚಿತ್ರದಲ್ಲಿ ಊಟಕ್ಕೆ ಕುಳಿತ ಕುಟುಂಬ, ಇನ್ನೊಂದರಲ್ಲಿ ಹಬ್ಬದ ದಿನ ಸೇರಿದ ಊರವರು. ಕಾಸ್ತೀಲ್ ಸೀಮೆಯ ಒಣ ಬಯಲಿನ ರೈತರನ್ನೂ ಅವರು ಚಿತ್ರಿಸಿದರು. ಅವರ ಮುಖಗಳಲ್ಲಿ ನಗು ಕಡಿಮೆ, ಗಾಂಭೀರ್ಯ ಹೆಚ್ಚು. ಯಾರೂ ಇನ್ನೊಬ್ಬರತ್ತ ತಿರುಗಿ ಮಾತನಾಡುವುದು ಕಾಣಿಸುವುದಿಲ್ಲ.

ಇದನ್ನು ನೋಡಿ ಹಲವು ವಿಮರ್ಶಕರು ಕಲಾವಿದನ ಕಿವುಡುತನವೇ ಚಿತ್ರಗಳಲ್ಲಿ ಮೌನವಾಗಿ ಇಳಿದಿದೆ ಎಂದು ಬರೆದರು. ಅದು ಅರ್ಧ ಸತ್ಯವಿರಬಹುದು. ಹಳೆಯ ಫ್ಲಾಂಡರ್ಸ್ ಚಿತ್ರಗಳಲ್ಲೂ ಇದೇ ಮೌನವಿದೆ, ಅವನ್ನು ಬರೆದವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ತಮ್ಮ ರಮೋನ್ ಅವರೂ ಹುಟ್ಟು ಕಿವುಡರು. ಆದರೆ ಅವರ ಚಿತ್ರಗಳಲ್ಲಿ ಬಣ್ಣಗಳು ಗಟ್ಟಿಯಾಗಿ ಕೂಗುತ್ತವೆ. ಮೀನುಗಾರರು, ದೋಣಿ ಓಟದಲ್ಲಿ ಗೆದ್ದ ಹುಟ್ಟುಗಾರರು, ಹಳ್ಳಿಯ ದೊಡ್ಡ ಮನುಷ್ಯರು ಅಲ್ಲಿ ತುಸು ಹಾಸ್ಯದೊಂದಿಗೆ ಬರುತ್ತಾರೆ. ಒಂದೇ ಮನೆ, ಒಂದೇ ಕಿವುಡುತನ, ಎರಡು ಬೇರೆ ಬೇರೆ ಮನಸ್ಸುಗಳು. ಕಲಾವಿದನನ್ನು ಅವನ ಕೊರತೆಯಿಂದ ಮಾತ್ರ ಅಳೆಯಲು ಹೊರಟರೆ ನಾವು ಅವನ ಆಯ್ಕೆಗಳನ್ನು ಕಾಣುವುದೇ ಇಲ್ಲ.

ವಲೆಂಟಿನ್ ಚಿತ್ರಿಸಿದ ವಿಷಯಗಳಲ್ಲಿ ಬೆರ್ಚೊಲಾರಿಗಳೂ ಇದ್ದಾರೆ. ಇವರು ಬಾಸ್ಕ್ ನಾಡಿನ ಆಶುಕವಿಗಳು. ಕೊಟ್ಟ ವಿಷಯದ ಮೇಲೆ ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ಹಾಡುವವರು. ಜನ ಸುತ್ತ ನೆರೆದು ಕೇಳುತ್ತಾರೆ. ತನಗೆ ಒಂದಕ್ಷರವೂ ಕೇಳಿಸದ ಈ ಹಾಡುಗಾರಿಕೆಯನ್ನು ವಲೆಂಟಿನ್ ನೋಡಿಯೇ ಚಿತ್ರವಾಗಿಸಿದರು. ಹಾಡುವವನ ನಿಲುವು, ಕೇಳುವವರ ಮುಖ, ಇಷ್ಟರಿಂದಲೇ ಅಲ್ಲಿ ಏನು ನಡೆಯುತ್ತಿದೆ ಎಂಬುದು ನೋಡುವವರಿಗೆ ತಿಳಿಯುತ್ತದೆ.

ಆ ಹೊತ್ತಿಗೆ ಬಾಸ್ಕ್ ನಾಡು ವೇಗವಾಗಿ ಬದಲಾಗುತ್ತಿತ್ತು. ಬಿಲ್ಬಾವೊ ನಗರದ ಸುತ್ತ ಕಬ್ಬಿಣದ ಗಣಿಗಳು, ಉಕ್ಕಿನ ಕಾರ್ಖಾನೆಗಳು, ಹಡಗುಕಟ್ಟೆಗಳು ಬೆಳೆದಿದ್ದವು. ಹಳ್ಳಿಯ ಯುವಕರು ಕಾರ್ಖಾನೆಗಳತ್ತ ಹೊರಟಿದ್ದರು. ಹಳೆಯ ಉಡುಗೆ, ಹಳೆಯ ಹಬ್ಬ, ಹಳೆಯ ಮಾತು ಎಲ್ಲವೂ ಕರಗುತ್ತಿದ್ದವು. ಅವು ಮರೆಯಾಗುವ ಮೊದಲು ಚಿತ್ರದಲ್ಲಿ ಉಳಿಸಬೇಕೆಂಬ ಕಾಳಜಿ ಆ ತಲೆಮಾರಿನ ಅನೇಕ ಕಲಾವಿದರಿಗಿತ್ತು. 1911ರಲ್ಲಿ ಬಿಲ್ಬಾವೊದಲ್ಲಿ ಬಾಸ್ಕ್ ಕಲಾವಿದರ ಸಂಘ ಸ್ಥಾಪನೆಯಾದಾಗ ಸುಬಿಯಾವುರೆ ಸಹೋದರರೂ ಆ ಬಳಗದಲ್ಲಿದ್ದರು.

ಮನ್ನಣೆಯೂ ಬಂದಿತು. ಸ್ಪೇನ್‌ನ ರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ 1917ರಲ್ಲಿ ವಲೆಂಟಿನ್ ಅವರಿಗೆ ಪ್ರಥಮ ಪದಕ ದೊರೆಯಿತು. 1924ರಲ್ಲಿ ರಮೋನ್ ಅವರಿಗೂ ಪ್ರಥಮ ಪದಕ ಬಂತು. ಬಾಸ್ಕ್ ಕಾದಂಬರಿಕಾರ ಪಿಯೊ ಬರೋಹಾ ಸೃಷ್ಟಿಸಿದ ಶಾಂತಿ ಅಂದೀಯ ಎಂಬ ನಾವಿಕನ ಚಿತ್ರ ಅದು. ಯುರೋಪಿನಲ್ಲೂ ಅಮೆರಿಕ ಖಂಡದಲ್ಲೂ ಅಣ್ಣ ತಮ್ಮಂದಿರ ಚಿತ್ರಗಳು ಪ್ರದರ್ಶನಗೊಂಡವು. ತಂದೆ 1914ರಲ್ಲಿ ತೀರಿಕೊಂಡಿದ್ದರು. ಅಷ್ಟರೊಳಗೆ ಸುಬಿಯಾವುರೆ ಎಂಬ ಹೆಸರು ಸಂಗೀತದಿಂದ ಚಿತ್ರಕಲೆಗೆ ದಾಟಿತ್ತು.

ತಂಗಿ ಪಿಲಾರ್

ಈ ಯಶಸ್ಸಿನ ಹಿಂದೆ ಇನ್ನೊಬ್ಬರಿದ್ದಾರೆ. ಅವರನ್ನು ಬಿಟ್ಟು ವಲೆಂಟಿನ್ ಅವರ ಜೀವನ ಹೇಳುವುದು ಸಾಧ್ಯವಿಲ್ಲ. ಅವರೇ ತಂಗಿ ಪಿಲಾರ್.

ಇಬ್ಬರು ಅಣ್ಣಂದಿರ ಸನ್ನೆಗಳ ನಡುವೆಯೇ ಪಿಲಾರ್ ಬೆಳೆದರು. ಕಲಾವಿದ ಎಷ್ಟೇ ದೊಡ್ಡವನಾದರೂ ಚಿತ್ರ ಮಾರಬೇಕು, ಪತ್ರ ಬರೆಯಬೇಕು, ಪ್ರದರ್ಶನ ಏರ್ಪಡಿಸಬೇಕು, ಪತ್ರಿಕೆಯವರಿಗೆ ಉತ್ತರಿಸಬೇಕು. ಈ ಕೆಲಸಗಳಲ್ಲಿ ಅಣ್ಣಂದಿರಿಗೆ ಕಿವಿಯೂ ಬಾಯಿಯೂ ಆಗಿ ನಿಂತವರು ಪಿಲಾರ್. ಮ್ಯಾಡ್ರಿಡ್‌ನ ಅವರ ಮನೆಯಲ್ಲಿ ಲೇಖಕರು, ಚಿತ್ರಕಾರರು, ಚಿಂತಕರು ಸೇರುತ್ತಿದ್ದರು. ಆ ಕೂಟಗಳಲ್ಲಿ ಬಂದವರ ಮಾತನ್ನು ಅಣ್ಣಂದಿರಿಗೂ ಅಣ್ಣಂದಿರ ಮಾತನ್ನು ಬಂದವರಿಗೂ ತಲುಪಿಸುತ್ತಿದ್ದವರು ಅವರೇ. ಹೀಗಾಗಿ ಸುಬಿಯಾವುರೆ ಸಹೋದರರು ಚಿತ್ರಶಾಲೆಯ ಮೂಲೆಯಲ್ಲಿ ಒಂಟಿಯಾಗಿ ಉಳಿಯಲಿಲ್ಲ. ತಮ್ಮ ಕಾಲದ ಚರ್ಚೆಗಳ ನಡುವೆಯೇ ಬಾಳಿದರು.

ಪಿಲಾರ್ ಸ್ವತಃ ಲೇಖಕಿ. ಪಿಯಾನೊ ನುಡಿಸಬಲ್ಲವರು. 1926ರಲ್ಲಿ ಮ್ಯಾಡ್ರಿಡ್‌ನಲ್ಲಿ ವಿದ್ಯಾವಂತ ಮಹಿಳೆಯರು ಲಿಸಿಯಂ ಕ್ಲಬ್ ಎಂಬ ಸಂಸ್ಥೆ ಕಟ್ಟಿದಾಗ ಸ್ಥಾಪಕ ಸದಸ್ಯೆಯರಲ್ಲಿ ಅವರೂ ಒಬ್ಬರು. ಹುವಾನ್ ದ ಲಾ ಎನ್ಸಿನ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಲಾವಿಮರ್ಶಕರನ್ನು ಅವರು ಮದುವೆಯಾದರು. ಇಷ್ಟೆಲ್ಲ ಇದ್ದರೂ ಬಹುಕಾಲ ಚರಿತ್ರೆ ಅವರನ್ನು ಗುರುತಿಸಿದ್ದು ಇಬ್ಬರು ಕಲಾವಿದರ ತಂಗಿ ಎಂದೇ. ಅವರ ಲೇಖನಗಳೂ ದಿನಚರಿಯೂ ಪುಸ್ತಕವಾಗಿ ಹೊರಬಂದದ್ದು 2009ರಲ್ಲಿ, ಅವರು ತೀರಿಕೊಂಡು ಸುಮಾರು ನಲವತ್ತು ವರ್ಷಗಳಾದ ಮೇಲೆ. ಅಣ್ಣಂದಿರ ಮಾತನ್ನು ಲೋಕಕ್ಕೆ ಮುಟ್ಟಿಸಿದವರ ಸ್ವಂತ ಮಾತು ಲೋಕಕ್ಕೆ ಮುಟ್ಟಲು ಅಷ್ಟು ಸಮಯ ಹಿಡಿಯಿತು. ಮನೆಯೊಂದರಲ್ಲಿ ಸೇವೆಯ ಭಾರ ಒಬ್ಬರ ಮೇಲೇ ಬಿದ್ದಾಗ ಏನಾಗುತ್ತದೆ ಎಂಬುದಕ್ಕೂ ಈ ಕುಟುಂಬ ಉದಾಹರಣೆ.

ಯುದ್ಧ ಮತ್ತು ಅಗಲಿಕೆ

1936ರ ಜುಲೈಯಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಸೇನೆಯ ಒಂದು ಭಾಗ ಗಣರಾಜ್ಯ ಸರಕಾರದ ವಿರುದ್ಧ ದಂಗೆಯೆದ್ದಿತು. ಅದರ ನಾಯಕತ್ವ ಬೇಗನೆ ಜನರಲ್ ಫ್ರಾಂಕೊ ಕೈಗೆ ಬಂತು. 1937ರ ಮಾರ್ಚ್ 31ರಂದು ದುರಾಂಗೊ ಪಟ್ಟಣದ ಮೇಲೆ ವಿಮಾನಗಳಿಂದ ಬಾಂಬುಗಳು ಬಿದ್ದವು. ಗರಾಯ್ ಹಳ್ಳಿಗೆ ಅದು ಕೂಗಳತೆಯ ದೂರ. ಏಪ್ರಿಲ್ 26ರಂದು ಗೆರ್ನಿಕ ಪಟ್ಟಣ ಸುಟ್ಟು ಬೂದಿಯಾಯಿತು. ವಲೆಂಟಿನ್ ಜೀವಮಾನವಿಡೀ ಚಿತ್ರಿಸಿದ ನೆಮ್ಮದಿಯ ನಾಡು ಅದೇ.

ಯುದ್ಧ ಈ ಮೂವರನ್ನು ಮೂರು ದಿಕ್ಕಿಗೆ ಚದುರಿಸಿತು. ಪಿಲಾರ್ ಮತ್ತು ಅವರ ಪತಿ 1938ರಲ್ಲಿ ಮೆಕ್ಸಿಕೊಗೆ ಹೋದರು. ಮತ್ತೆ ಸ್ಪೇನ್‌ನಲ್ಲಿ ಮನೆ ಮಾಡಲಿಲ್ಲ. ರಮೋನ್ 1940ರಲ್ಲಿ ದಕ್ಷಿಣ ಅಮೆರಿಕದ ಚಿಲಿಗೆ ಹೊರಟರು, ಮರಳಿ ಬಂದದ್ದು 1951ರಲ್ಲಿ. ವಲೆಂಟಿನ್ ಮ್ಯಾಡ್ರಿಡ್‌ನಲ್ಲಿ ಉಳಿದರು. ಬಾಲ್ಯದಿಂದ ಒಂದೇ ಸನ್ನೆ ಭಾಷೆಯಲ್ಲಿ ಬದುಕಿದವರಿಗೆ ಈ ಅಗಲಿಕೆ ಸಾಮಾನ್ಯವಾದುದಲ್ಲ. ಕಿವಿ ಕೇಳುವವರಿಗೆ ಊರು ಬಿಟ್ಟರೂ ಮಾತನಾಡಲು ನಾಲ್ಕು ಜನ ಸಿಗುತ್ತಾರೆ. ಸನ್ನೆಯಲ್ಲಿ ಮಾತನಾಡುವವರು ಬೇರೆಡೆ ಹೋದರೆ ಉಳಿದವರ ಪಾಲಿಗೆ ಅರ್ಧ ಲೋಕವೇ ಹೋದಂತೆ.

ಫ್ರಾಂಕೊ ಆಡಳಿತದಲ್ಲಿ ಬಾಸ್ಕ್ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಗಿಡಲಾಯಿತು. ಆದರೆ ಬಾಸ್ಕ್ ಹಳ್ಳಿಗರ ಚಿತ್ರಗಳಿಗೆ ತೊಂದರೆಯಾಗಲಿಲ್ಲ. 1957ರ ರಾಷ್ಟ್ರೀಯ ಪ್ರದರ್ಶನದಲ್ಲಿ ವಲೆಂಟಿನ್ ಅವರಿಗೆ ಗೌರವ ಪದಕ ನೀಡಲಾಯಿತು. ಆಗ ಅವರಿಗೆ 78ರ ಆಸುಪಾಸು. ಆ ಹೊತ್ತಿಗೆ ಕಲೆಯ ಲೋಕ ಬಹಳ ದೂರ ಸಾಗಿತ್ತು. ಹೊಸ ತಲೆಮಾರಿನವರಿಗೆ ಅವರ ಚಿತ್ರಗಳು ಹಳೆಯವಾಗಿ ಕಂಡವು. ಅದೇ ಮುಖ, ಅದೇ ಭಂಗಿ, ಅದೇ ಹಿನ್ನೆಲೆ ಮತ್ತೆ ಮತ್ತೆ ಬರುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಅವರು ತಮ್ಮ ದಾರಿ ಬಿಡಲಿಲ್ಲ.

ವಲೆಂಟಿನ್ 1963ರಲ್ಲಿ ಮ್ಯಾಡ್ರಿಡ್‌ನಲ್ಲಿ ನಿಧನರಾದರು. ರಮೋನ್ 1969ರಲ್ಲಿ, ಪಿಲಾರ್ 1970ರಲ್ಲಿ ಮೆಕ್ಸಿಕೊದಲ್ಲಿ ತೀರಿಕೊಂಡರು. ಸಹೋದರರ ಚಿತ್ರಗಳು ಬಿಲ್ಬಾವೊದ ಲಲಿತಕಲಾ ವಸ್ತುಸಂಗ್ರಹಾಲಯದಲ್ಲೂ ಮ್ಯಾಡ್ರಿಡ್‌ನ ರೈನಾ ಸೋಫಿಯಾ ಸಂಗ್ರಹಾಲಯದಲ್ಲೂ ಇವೆ. ಸ್ಪೇನ್‌ನಲ್ಲಿ ಸನ್ನೆ ಭಾಷೆಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 2007ರಲ್ಲಿ. ವಲೆಂಟಿನ್ ಜೀವನವಿಡೀ ಬಳಸಿದ ಮಾತು ಮಾತೆಂದು ಒಪ್ಪಿಗೆ ಪಡೆಯಲು ಅವರು ಹೋಗಿ 44 ವರ್ಷಗಳು ಬೇಕಾದವು.

ನಾವು ಕಲಿಯಬೇಕಾದುದು

ವಲೆಂಟಿನ್ ಅವರಲ್ಲಿ ಪ್ರತಿಭೆಯಿತ್ತು ನಿಜ. ಅವರ ಕಾಲದಲ್ಲಿ ಯುರೋಪಿನ ಹಳ್ಳಿ ಹಳ್ಳಿಗಳಲ್ಲಿ ಅಂಥ ಪ್ರತಿಭೆಯಿದ್ದ ಕಿವುಡ ಮಕ್ಕಳು ಎಷ್ಟೋ ಮಂದಿ ಇದ್ದಿರಬೇಕು. ಅವರಾರ ಹೆಸರೂ ಉಳಿದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ ಉತ್ತರ ಸರಳ. ಈ ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಹಣವಿದ್ದ ಎಷ್ಟೋ ಮನೆಗಳು ಇಂಥ ಮಕ್ಕಳನ್ನು ಕೋಣೆಯಲ್ಲಿಟ್ಟು ಬೀಗ ಹಾಕಿದ್ದವು. ಈ ಮನೆ ಹಾಗೆ ಮಾಡಲಿಲ್ಲ. ಕಿವುಡ ಗುರುವಿನಲ್ಲಿ ಪಾಠಕ್ಕೆ ಬಿಟ್ಟಿತು, ದೇಶ ಸುತ್ತಿಸಿತು, ಅತಿಥಿಗಳ ಮುಂದೆ ಕೂರಿಸಿತು. ಮಕ್ಕಳು ಮನೆಯವರ ಮಾತಿಗೆ ಬರಲಿ ಎಂದು ಕಾಯದೆ ಮನೆಯೇ ಮಕ್ಕಳ ಮಾತಿಗೆ ಹೋಯಿತು.

ಇಂದು ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಕಿವಿಯನ್ನು ಪರೀಕ್ಷಿಸಬಹುದು. ಶ್ರವಣ ಸಾಧನಗಳಿವೆ, ಶಸ್ತ್ರಚಿಕಿತ್ಸೆಯಿದೆ, ವಿಶೇಷ ಶಾಲೆಗಳಿವೆ, ಸನ್ನೆ ಭಾಷೆ ಕಲಿಯುವ ಅನುಕೂಲವಿದೆ. ಆದರೂ ಕಿವಿ ಕೇಳದ ಮಗುವಿನ ವಿಷಯ ಬಂದಾಗ ಮುಚ್ಚಿಡುವ, ಮುಂದೂಡುವ, ದೊಡ್ಡವನಾದ ಮೇಲೆ ಸರಿಹೋದೀತು ಎಂದು ಕಾಯುವ ರೂಢಿ ಪೂರ್ತಿಯಾಗಿ ಹೋಗಿಲ್ಲ. ಹಾಗೆ ಕಳೆದ ಒಂದೊಂದು ವರ್ಷವೂ ಮಗುವಿನ ಭಾಷೆಯ ವರ್ಷ. ಅದನ್ನು ಮತ್ತೆ ತಂದುಕೊಡಲು ಯಾರಿಂದಲೂ ಆಗದು.

ವಿದ್ಯಾರ್ಥಿಗಳು ಒಂದು ವಿಷಯವನ್ನು ನೆನಪಿಡಬೇಕು. ತರಗತಿಯಲ್ಲಿ ಅಂಥ ಸಹಪಾಠಿಯಿದ್ದರೆ ಅವನಿಗೆ ಬೇಕಾಗಿರುವುದು ಅಯ್ಯೋ ಪಾಪ ಎಂಬ ಕನಿಕರವಲ್ಲ. ಅವನ ನಾಲ್ಕು ಸನ್ನೆಗಳನ್ನು ಕಲಿತು ಅವನೊಂದಿಗೆ ಮಾತನಾಡಬಲ್ಲ ಒಬ್ಬ ಗೆಳೆಯ ಸಾಕು. ಸುಬಿಯಾವುರೆ ಮನೆಯಲ್ಲಿ ಆ ಕೆಲಸವನ್ನು ಒಬ್ಬ ತಂಗಿ ಒಂಟಿಯಾಗಿ ಮಾಡಿದಳು. ಎಲ್ಲರೂ ಸ್ವಲ್ಪ ಸ್ವಲ್ಪ ಹಂಚಿಕೊಂಡರೆ ಯಾರಿಗೂ ಅದು ಭಾರವಾಗದು.